ಕ್ಲಾಸಿಕ್ ಮಾರ್ಟಿನಿಗೆ ಯಾವ ಜಿನ್? ಲೇಬಲ್ ಓದುವುದರಿಂದ ಗ್ಲಾಸಿಗೆ ಸುರಿಯುವವರೆಗೆ

ಮಾರ್ಟಿನಿಯಲ್ಲಿ ಇರುವುದು ಎರಡೇ ಸಾಮಾನು. ಜಿನ್ ಮತ್ತು ವರ್ಮುತ್ (ಗಿಡಮೂಲಿಕೆ ಹಾಕಿದ ವೈನ್). ಆಮೇಲೆ ಐಸ್ ಕರಗಿ ಸೇರುವ ನೀರು, ಮೇಲೊಂದು ಆಲಿವ್ ಅಥವಾ ಲೆಮನ್ ಸಿಪ್ಪೆ. ಸಕ್ಕರೆ ಇಲ್ಲ, ಜ್ಯೂಸ್ ಇಲ್ಲ, ಸೋಡಾ ಇಲ್ಲ. ಬಿಸಿಬೇಳೆಬಾತಿಗೆ ಸ್ವಲ್ಪ ಹಳೇ ಇಂಗು ಬಿದ್ದರೆ ಯಾರೂ ಕಂಡುಹಿಡಿಯುವುದಿಲ್ಲ, ತಿಳಿಸಾರಿಗೆ ಬಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ ಅಲ್ವಾ, ಇದೂ ಹಾಗೇ.

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲ ಸಲ ಮನೆಯಲ್ಲಿ ಮಾರ್ಟಿನಿ ಮಾಡಬೇಕು ಅನ್ನಿಸಿದಾಗ ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಬಾಟಲಿ ತಂದೆ. ಗುಲಾಬಿ, ಹಣ್ಣು, ಹೂವು ಅಂತೆಲ್ಲ ಅದರ ಮೇಲೆ ಬರೆದಿತ್ತು. ಟಾನಿಕ್ ಜೊತೆ ಸೊಗಸಾಗಿತ್ತು. ಅದನ್ನೇ ವರ್ಮುತ್ ಜೊತೆ ಐಸ್‌ನಲ್ಲಿ ತಿರುಗಿಸಿ ಗ್ಲಾಸಿಗೆ ಸುರಿದರೆ, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರಲ್ಲ, ಅದನ್ನು ಕುಡಿದ ಹಾಗಾಯಿತು. ಟಾನಿಕ್‌ನ ಕಹಿ ಮತ್ತು ಸಕ್ಕರೆ ಎಷ್ಟೋ ತಪ್ಪುಗಳನ್ನು ಮುಚ್ಚುತ್ತವೆ. ಮಾರ್ಟಿನಿ ಏನನ್ನೂ ಮುಚ್ಚುವುದಿಲ್ಲ. ಹಾಗಾಗಿ ಜಿನ್ ಅಂಡ್ ಟಾನಿಕ್‌ಗೆ ಯಾವುದು ಚೆನ್ನಾಗಿರುತ್ತದೆ ಅಂತ ನಿಮಗೆ ಗೊತ್ತಿರುವುದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ಹೆಜ್ಜೆ 1: ನಿಮ್ಮ ಮಾರ್ಟಿನಿ ಎಷ್ಟು ಡ್ರೈ ಅಂತ ಮೊದಲು ತೀರ್ಮಾನಿಸಿ

ಅಂಗಡಿಗೆ ಹೋಗುವ ಮೊದಲೇ ಇದು ಆಗಬೇಕು. ಇವತ್ತು "ಡ್ರೈ" ಅಂದರೆ ವರ್ಮುತ್ ಕಡಿಮೆ ಅಂತ ಅರ್ಥ. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘ, ಅಂದರೆ ಐಬಿಎ, ಕೊಟ್ಟಿರುವ ಲೆಕ್ಕ 60 ಎಂಎಲ್ ಜಿನ್‌ಗೆ 10 ಎಂಎಲ್ ಡ್ರೈ ವರ್ಮುತ್. ಆರಕ್ಕೆ ಒಂದು. ಹಿಂದೆ ಹೀಗಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬಾರ್‌ಗಳಲ್ಲಿದ್ದ ಮಾರ್ಟಿನೆಜ್ ಅನ್ನುವ ಡ್ರಿಂಕ್ ಇದರ ಅಜ್ಜಿ ಇದ್ದ ಹಾಗೆ, ಅದಕ್ಕೆ ಬೀಳುತ್ತಿದ್ದದ್ದು ಸಿಹಿ ವರ್ಮುತ್. 1900ರ ಆಸುಪಾಸಿನಲ್ಲಿ ಡ್ರೈ ಜಿನ್ ಮತ್ತು ಡ್ರೈ ವರ್ಮುತ್ ಜೋಡಿ ಗಟ್ಟಿಯಾಯಿತು, ಆಗಲೂ ಅರ್ಧಕ್ಕರ್ಧ ಅಥವಾ ಎರಡಕ್ಕೆ ಒಂದು ಸಾಮಾನ್ಯ. ಆಮೇಲೆ ದಶಕದಿಂದ ದಶಕಕ್ಕೆ ವರ್ಮುತ್ ಇಳಿಯುತ್ತಲೇ ಹೋಯಿತು.

ಚರ್ಚಿಲ್ ಅಂತೂ ವರ್ಮುತ್ ಬಾಟಲಿಯನ್ನು ದೂರದಿಂದ ನೋಡಿ ಸುಮ್ಮನಾಗುತ್ತಿದ್ದರು ಅಂತ ಒಂದು ಕಥೆ ಇದೆ. ಕಥೆಯೇ ಇರಬೇಕು. ಆದರೆ ಅದೇ ಚರ್ಚಿಲ್ 1896ರಲ್ಲಿ ಸೈನ್ಯದ ಸಣ್ಣ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಿದ್ದದ್ದು ನಿಜ, ಬೆಂಗಳೂರು ಕ್ಲಬ್‌ನ ಹಳೇ ಲೆಡ್ಜರ್‌ನಲ್ಲಿ ಅವರ ಹೆಸರಿನಲ್ಲಿ 13 ರೂಪಾಯಿ ವಸೂಲಾಗದ ಬಾಕಿ ಇರುವುದೂ ನಿಜ. ಅದು ವರ್ಮುತ್ ಬಾಕಿ ಅಲ್ಲ ಅಂತ ನನ್ನ ಊಹೆ.

ಸರಿ, ಇದರಿಂದ ನಿಮಗೇನು? ಐದಕ್ಕೆ ಒಂದು, ಆರಕ್ಕೆ ಒಂದು ಕುಡಿಯುವವರಾದರೆ ಗ್ಲಾಸಿನಲ್ಲಿ ಹೆಚ್ಚುಕಡಿಮೆ ಬರೀ ಜಿನ್ನೇ ಇರುತ್ತದೆ, ಆದ್ದರಿಂದ ಅದು ನಾಲಿಗೆಯ ಮೇಲೆ ದುಂಡಗೆ, ಒರಟಿಲ್ಲದೆ ಇರಬೇಕು. ಮೂರಕ್ಕೆ ಒಂದು, ಎರಡಕ್ಕೆ ಒಂದು ಇಷ್ಟಪಡುವವರಾದರೆ ವರ್ಮುತ್‌ನ ಗಿಡಮೂಲಿಕೆ ರುಚಿಯ ಎದುರು ತಲೆ ಎತ್ತಿ ನಿಲ್ಲುವ ಜಿನ್ ಬೇಕು, ಜುನಿಪರ್ (ಜಿನ್‌ಗೆ ಮುಖ್ಯ ಪರಿಮಳ ಕೊಡುವ ಕಾಳು) ಜೋರಾಗಿರಬೇಕು, ಖಡಕ್ ಇರಬೇಕು. ಮೆತ್ತನೆ ಜಿನ್ ಅಲ್ಲಿ ಮುಳುಗಿಹೋಗುತ್ತದೆ. ಹೊಸಬರಿಗೆ ನಾನು ಹೇಳುವುದು ನಾಲ್ಕಕ್ಕೆ ಒಂದು ಅಥವಾ ಐದಕ್ಕೆ ಒಂದು. ವರ್ಮುತ್ ಇಲ್ಲದ ಮಾರ್ಟಿನಿ ಅಂದರೆ ತಣ್ಣಗಿನ ಜಿನ್, ಅದಕ್ಕೆ ಬೇರೆ ಹೆಸರು ಯಾಕೆ?

ಹೆಜ್ಜೆ 2: ಲೇಬಲ್ ಮೇಲಿನ ಎರಡು ಪದ

"ಲಂಡನ್ ಡ್ರೈ" ಅಂತ ಇದ್ದರೆ ಅದು ಊರಿನ ಹೆಸರಲ್ಲ, ಮಾಡುವ ವಿಧಾನದ ಹೆಸರು. ಗೋವಾದಲ್ಲೂ ಲಂಡನ್ ಡ್ರೈ ಮಾಡಬಹುದು, ಮಾಡುತ್ತಿದ್ದಾರೆ. ಯುರೋಪಿನ ನಿಯಮದ ಪ್ರಕಾರ ಅದರ ಪರಿಮಳವೆಲ್ಲ ಭಟ್ಟಿ ಇಳಿಸುವಾಗಲೇ ಬರಬೇಕು. ಇಳಿಸಿದ ಮೇಲೆ ಎಸೆನ್ಸ್ ಇಲ್ಲ, ಬಣ್ಣ ಇಲ್ಲ, ಸಕ್ಕರೆ ಲೀಟರಿಗೆ 0.1 ಗ್ರಾಂ ದಾಟುವಂತಿಲ್ಲ. ಆಮೇಲೆ ಸೇರಿಸಬಹುದಾದದ್ದು ನೀರು ಮತ್ತು ಸ್ಪಿರಿಟ್, ಅಷ್ಟೇ. ಮಾರ್ಟಿನಿಗೆ ಇದು ಯಾಕೆ ಮುಖ್ಯ ಅಂದರೆ, ಭಟ್ಟಿಯಲ್ಲಿ ಒಟ್ಟಿಗೆ ಬೆಂದ ಮಸಾಲೆಗಳ ವಾಸನೆ ಒಂದಕ್ಕೊಂದು ಬೆಸೆದುಕೊಂಡಿರುತ್ತದೆ. ಮೇಲಿಂದ ಎಸೆನ್ಸ್ ಬೆರೆಸಿದ್ದು ಬಿಡಿ ಬಿಡಿಯಾಗಿ ಮೂಗಿಗೆ ಹೊಡೆಯುತ್ತದೆ.

"ಡಿಸ್ಟಿಲ್ಡ್ ಜಿನ್" ಅಂತಿದ್ದರೆ ಭಟ್ಟಿಯ ನಂತರವೂ ಏನಾದರೂ ಸೇರಿಸಿರಬಹುದು. ಅದು ಕೆಟ್ಟದ್ದು ಅಂತಲ್ಲ, ಸ್ಕಾಟ್ಲೆಂಡಿನ ಹೆಂಡ್ರಿಕ್ಸ್ ಸೌತೆಕಾಯಿ ಮತ್ತು ಗುಲಾಬಿಯ ಸಾರವನ್ನು ಹೀಗೇ ಕೊನೆಯಲ್ಲಿ ಸೇರಿಸುತ್ತದೆ. ಬರೀ "ಜಿನ್" ಅಂತಿದ್ದು, ಸಣ್ಣ ಅಕ್ಷರದಲ್ಲಿ ಫ್ಲೇವರ್ ಸೇರಿಸಿದೆ ಅಂತ ಕಂಡರೆ ಮಾರ್ಟಿನಿಗೆ ಬೇಡ. "ಓಲ್ಡ್ ಟಾಮ್" ಸ್ವಲ್ಪ ಸಿಹಿ, ಮಾರ್ಟಿನೆಜ್‌ಗೆ ಒಳ್ಳೆಯದು, ಇಲ್ಲಿಗೆ ಬೇಡ. ಪಿಂಕ್ ಜಿನ್‌ಗಳ ಬಗ್ಗೆ ಮೇಲೆ ನನ್ನ ಪನ್ನೀರಿನ ಕಥೆ ಓದಿದ್ದೀರಿ.

ಹೆಜ್ಜೆ 3: ಆಲ್ಕೋಹಾಲ್‌ನ ಶೇಕಡಾವಾರು ನೋಡಿ, ಇದನ್ನು ಯಾರೂ ನೋಡುವುದಿಲ್ಲ

ಜಾಸ್ತಿ ಜನ ಎಡವುವುದು ಇಲ್ಲೇ. ಬ್ರ್ಯಾಂಡ್ ಹೆಸರು ನೋಡುತ್ತಾರೆ, ಅದರ ಕೆಳಗಿನ ಅಂಕಿ ನೋಡುವುದಿಲ್ಲ. ಒಂದೇ ಹೆಸರಿನ ಜಿನ್ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಖಡಕ್‌ನಲ್ಲಿ ಮಾರಾಟವಾಗುತ್ತದೆ. ಟ್ಯಾಂಕರೆ ಕೆಲವು ದೇಶಗಳಲ್ಲಿ ಶೇ 47.3, ಕೆಲವು ಕಡೆ ಶೇ 43.1. ಬಾಂಬೆ ಸಫೈರ್ ಬ್ರಿಟನ್ನಿನಲ್ಲಿ ಶೇ 40, ಅಮೆರಿಕದಲ್ಲಿ ಶೇ 47. ಗಾರ್ಡನ್ಸ್ ಬ್ರಿಟನ್ನಿನಲ್ಲಿ 1992ರಲ್ಲಿ ಶೇ 40ರಿಂದ ಶೇ 37.5ಕ್ಕೆ ಇಳಿಯಿತು. ಶೇ 37.5 ಅಂದರೆ ಯುರೋಪಿನಲ್ಲಿ ಜಿನ್ ಅಂತ ಕರೆಸಿಕೊಳ್ಳಲು ಇರಬೇಕಾದ ಕನಿಷ್ಠ. ಜಸ್ಟ್ ಪಾಸ್.

ಒಂದು ಸಣ್ಣ ಲೆಕ್ಕ ಹಾಕೋಣ. 60 ಎಂಎಲ್ ಜಿನ್, 10 ಎಂಎಲ್ ವರ್ಮುತ್ (ಅದು ಶೇ 18 ಅಂದುಕೊಳ್ಳಿ), ಐಸ್‌ನಿಂದ ಸುಮಾರು 20 ಎಂಎಲ್ ನೀರು. ಒಟ್ಟು 90. ಜಿನ್ ಶೇ 47.3 ಇದ್ದರೆ ಗ್ಲಾಸಿನಲ್ಲಿರುವುದು ಸುಮಾರು ಶೇ 33.5. ಶೇ 42.8 ಇದ್ದರೆ ಶೇ 30.5. ಶೇ 37.5 ಇದ್ದರೆ ಶೇ 27ಕ್ಕೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಬರೀ ಕಿಕ್‌ನದ್ದಲ್ಲ. ಜುನಿಪರ್, ದನಿಯಾ, ಸಿಪ್ಪೆಗಳ ಪರಿಮಳ ಎಣ್ಣೆಯ ರೂಪದಲ್ಲಿರುತ್ತದೆ, ಆ ಎಣ್ಣೆಯನ್ನು ಹಿಡಿದಿಡುವುದು ಆಲ್ಕೋಹಾಲ್. ಆಲ್ಕೋಹಾಲ್ ಕಡಿಮೆ ಇರುವ ಜಿನ್ ಐಸ್‌ನಲ್ಲಿ ತಿರುಗಿದ ಮೇಲೆ ನೀರುಮಜ್ಜಿಗೆಯಂತಾಗುತ್ತದೆ, ಬಾಯಿಗೆ ತುಂಬುವುದಿಲ್ಲ.

ನಮ್ಮಲ್ಲಿ ತಯಾರಾಗುವ ಜಿನ್ ಸಾಮಾನ್ಯವಾಗಿ ಶೇ 42.8. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? ಹಳೇ ಬ್ರಿಟಿಷ್ ಪದ್ಧತಿಯಲ್ಲಿ 100 ಪ್ರೂಫ್ ಅಂದರೆ ಶೇ 57.1 ಆಲ್ಕೋಹಾಲ್. ಅದರ ಮುಕ್ಕಾಲು ಭಾಗ, ಅಂದರೆ 75 ಪ್ರೂಫ್, ಲೆಕ್ಕ ಹಾಕಿದರೆ ಸರಿಯಾಗಿ ಶೇ 42.8. ಹಳೇ ಬಾಟಲಿಗಳ ಮೇಲೆ "25 ಯು.ಪಿ." ಅಂತ ಇರುತ್ತಿತ್ತಲ್ಲ, ಅದು ಇದೇ. ಪ್ರೂಫ್‌ಗಿಂತ 25 ಕೆಳಗೆ ಅಂತ ಅರ್ಥ, ಉತ್ತರ ಪ್ರದೇಶ ಅಲ್ಲ. ಬ್ರಿಟಿಷರು ಹೋದರು, ಅವರ ಅಳತೆ ನಮ್ಮ ಬಾಟಲಿಯಲ್ಲಿ ಉಳಿಯಿತು. ಮಾರ್ಟಿನಿಗೆ ಇದು ಒಳ್ಳೆಯದೇ ಆಯಿತು, ಶೇ 42.8 ಅನ್ನುವುದು ಸಾಕಷ್ಟು ಗಟ್ಟಿ.

ನನ್ನ ನಿಯಮ ಸರಳ. ಶೇ 41ಕ್ಕಿಂತ ಕೆಳಗಿದ್ದರೆ ಬೇಡ. ಶೇ 43ರಿಂದ 47 ಅತ್ಯುತ್ತಮ. ಶೇ 57ರ ನೇವಿ ಸ್ಟ್ರೆಂತ್ ಜಿನ್‌ಗಳೂ ಇವೆ, ಅವುಗಳಲ್ಲಿ ಮಾರ್ಟಿನಿ ಮಾಡುವುದಾದರೆ ಜಾಸ್ತಿ ಹೊತ್ತು ತಿರುಗಿಸಿ, ಪ್ರಮಾಣ ಕಡಿಮೆ ಮಾಡಿ, ಎದ್ದು ನಿಲ್ಲುವ ಕೆಲಸ ಇಟ್ಟುಕೊಳ್ಳಬೇಡಿ. ವಿದೇಶದಿಂದ ಬರುವವರಿದ್ದರೆ ಡ್ಯೂಟಿ ಫ್ರೀಯಲ್ಲಿ ಲೀಟರ್ ಬಾಟಲಿಯ ಅಂಕಿ ನೋಡಲು ಹೇಳಿ, ಕೆಲವೊಮ್ಮೆ ಅಲ್ಲಿ ಸಿಗುವುದು ಹೆಚ್ಚು ಖಡಕ್ ಆವೃತ್ತಿ. ಭಾರತಕ್ಕೆ ಒಬ್ಬರು 2 ಲೀಟರ್ ತರಬಹುದು.

ಹೆಜ್ಜೆ 4: ಜುನಿಪರ್ ವಾಸನೆ ಮೂಗಿಗೆ ಪಾಠವಾಗಲಿ

ಜುನಿಪರ್ ಇಲ್ಲದೆ ಜಿನ್ ಇಲ್ಲ. ಅದನ್ನು ಬೆರ್ರಿ ಅಂತ ಕರೆಯುತ್ತಾರಾದರೂ ಅದು ಹಣ್ಣಲ್ಲ, ಪೈನ್ ಮರದ ಕಾಯಿಯ ಜಾತಿಯದ್ದು, ಮೈ ಮೆತ್ತಗಾಗಿ ಹಣ್ಣಿನ ಹಾಗೆ ಕಾಣುತ್ತದೆ ಅಷ್ಟೇ. ಆಯುರ್ವೇದದಲ್ಲಿ ಇದಕ್ಕೆ ಹಪುಷ ಅನ್ನುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕರೆ ನಾಲ್ಕು ಕಾಳು ತಂದು ಬೆರಳಲ್ಲಿ ಹಿಸುಕಿ ಮೂಸಿ ನೋಡಿ. ಪೈನ್ ಮರದ ರಾಳ, ಸ್ವಲ್ಪ ಕರಿಮೆಣಸು, ಹಿಂದೆ ಎಲ್ಲೋ ಕಿತ್ತಳೆ ಸಿಪ್ಪೆ. ಈ ವಾಸನೆ ಒಮ್ಮೆ ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ಮಾರ್ಟಿನಿಯ ಜಿನ್‌ನಲ್ಲಿ ಮೊದಲು ಮೂಗಿಗೆ ಬರಬೇಕಾದದ್ದು ಇದೇ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರಬೇಕು.

ಮಿಕ್ಕಿದ್ದು ಏನೇನು? ದನಿಯಾ ಬಹುತೇಕ ಎಲ್ಲ ಜಿನ್‌ನಲ್ಲೂ ಇರುತ್ತದೆ, ನಿಂಬೆಯಂಥ ಹಗುರ ಘಮ ಅದರದ್ದು. ಏಂಜೆಲಿಕಾ ಬೇರು ಮಣ್ಣಿನ ವಾಸನೆ ಕೊಡುತ್ತದೆ, ಡ್ರೈ ಮಾಡುತ್ತದೆ. ಓರಿಸ್ ಬೇರು ಎಲ್ಲವನ್ನೂ ಹಿಡಿದು ಕೂರಿಸುತ್ತದೆ. ಜೇಷ್ಠಮಧು ಸಕ್ಕರೆ ಇಲ್ಲದೆಯೇ ನಾಲಿಗೆಗೆ ಸಿಹಿಯ ಭ್ರಮೆ ಕೊಡುತ್ತದೆ. ಕಿತ್ತಳೆ, ಲೆಮನ್ ಸಿಪ್ಪೆಗಳ ಕೆಲಸ ಹೇಳಬೇಕಿಲ್ಲ.

ಒಂದು ವಿಷಯ ನೆನಪಿಡಿ: ಎಷ್ಟು ಸಾಮಗ್ರಿ ಹಾಕಿದ್ದಾರೆ ಅನ್ನುವುದು ಗುಣದ ಅಳತೆ ಅಲ್ಲ. ಟ್ಯಾಂಕರೆಯಲ್ಲಿ ನಾಲ್ಕೇ ನಾಲ್ಕು, ಜುನಿಪರ್, ದನಿಯಾ, ಏಂಜೆಲಿಕಾ ಬೇರು, ಜೇಷ್ಠಮಧು. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಮಂಕಿ 47ರಲ್ಲಿ ಹೆಸರೇ ಹೇಳುವಂತೆ 47. ಎರಡೂ ಒಳ್ಳೆಯ ಜಿನ್ನೇ. ಆದರೆ ಮಾರ್ಟಿನಿ ಅಂತ ಬಂದರೆ ನಾನು ಕಣ್ಣು ಮುಚ್ಚಿ ನಾಲ್ಕರ ಕಡೆ ಹೋಗುತ್ತೇನೆ.

ಹೆಜ್ಜೆ 5: ಬಾಟಲಿಗಳ ಪಟ್ಟಿಯನ್ನು ಮೂರಕ್ಕೆ ಇಳಿಸಿ

ಟ್ಯಾಂಕರೆ ಲಂಡನ್ ಡ್ರೈ. ಚಾರ್ಲ್ಸ್ ಟ್ಯಾಂಕರೆ 1830ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ್ದು, ಈಗ ತಯಾರಾಗುವುದು ಸ್ಕಾಟ್ಲೆಂಡಿನಲ್ಲಿ. ಜುನಿಪರ್ ಮುಂದೆ, ದನಿಯಾ ಹಿಂದೆ, ಕೊನೆಯಲ್ಲಿ ಒಣ ಕಹಿ. ಹೇಳಬೇಕಾದದ್ದನ್ನು ನೇರ ಹೇಳಿ ಸುಮ್ಮನಾಗುವ ಜಿನ್. ಮೂರಕ್ಕೆ ಒಂದು ವರ್ಮುತ್ ಹಾಕಿದರೂ ಬಗ್ಗುವುದಿಲ್ಲ. ಒಂದೇ ಬಾಟಲಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಬೀಫೀಟರ್ ಇದರ ತಮ್ಮನ ಹಾಗೆ, ಆದರೆ ಸ್ವಲ್ಪ ನಗುಮುಖ. ಲಂಡನ್ನಿನ ಕೆನ್ನಿಂಗ್ಟನ್‌ನಲ್ಲಿ ಮಾಡುತ್ತಾರೆ, ಒಂಬತ್ತು ಸಾಮಗ್ರಿ, ಭಟ್ಟಿಗೆ ಮೊದಲು 24 ಗಂಟೆ ಸ್ಪಿರಿಟ್‌ನಲ್ಲಿ ನೆನೆಸುತ್ತಾರೆ. ಸೆವಿಲ್ ಕಿತ್ತಳೆ ಸಿಪ್ಪೆಯ ಕಹಿ-ಹುಳಿ ಚೆನ್ನಾಗಿ ಬರುತ್ತದೆ. ಬೆಲೆಗೆ ಹೋಲಿಸಿದರೆ ಇದನ್ನು ಮೀರಿಸುವುದು ಕಷ್ಟ, ಶೇಕಡಾವಾರು ಮಾತ್ರ ನೋಡಿಕೊಳ್ಳಿ, ಶೇ 40ರದ್ದೂ ಇದೆ, ಅದಕ್ಕಿಂತ ಖಡಕ್ಕಾದದ್ದೂ ಇದೆ.

ಪ್ಲಿಮತ್ ನನ್ನ ಸ್ವಂತ ಪ್ರೀತಿ. ಇಂಗ್ಲೆಂಡಿನ ಪ್ಲಿಮತ್ ಊರಿನ ಬ್ಲ್ಯಾಕ್ ಫ್ರೈಯರ್ಸ್ ಡಿಸ್ಟಿಲರಿಯಲ್ಲಿ 1793ರಿಂದ ಮಾಡುತ್ತಿದ್ದಾರೆ, ಶೇ 41.2. ಇದರಲ್ಲಿ ಜುನಿಪರ್ ಕೂಗುವುದಿಲ್ಲ. ಬೇರುಗಳ ಮಣ್ಣುವಾಸನೆ, ಏಲಕ್ಕಿಯ ಒಂದು ಎಳೆ, ನಾಲಿಗೆಯ ಮೇಲೆ ಹಸಿ ಕೊಬ್ಬರಿಯಷ್ಟು ಮೃದು. ಆರಕ್ಕೆ ಒಂದರ ಡ್ರೈ ಮಾರ್ಟಿನಿ ಕುಡಿಯುವವರಿಗೆ ಇದಕ್ಕಿಂತ ಬೇರೆ ಬೇಡ. ನಮ್ಮ ಕಡೆ ಹುಡುಕಾಡಬೇಕು, ಲಂಡನ್ನಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಆ ಕಷ್ಟ ಇಲ್ಲ.

ಟ್ಯಾಂಕರೆ ನಂಬರ್ ಟೆನ್ ದುಬಾರಿ, ಶೇ 47.3, ಒಣ ಸಿಪ್ಪೆಯ ಬದಲು ತಾಜಾ ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದ ಹತ್ತಿರದ ನೆಂಟ), ಕಿತ್ತಳೆ, ಲೈಮ್ ಬಳಸುತ್ತಾರೆ. ಲೆಮನ್ ಟ್ವಿಸ್ಟ್ (ಹಿಸುಕಿದ ಸಿಪ್ಪೆಯ ತುಣುಕು) ಹಾಕಿದ ಮಾರ್ಟಿನಿಗೆ ಅದ್ಭುತ, ಆಲಿವ್ ಹಾಕಿದರೆ ಜಗಳ. ಸಿಪ್‌ಸ್ಮಿತ್ ಕೂಡ ಸಿಕ್ಕರೆ ಬಿಡಬೇಡಿ, ಶೇ 41.6, ಎಲ್ಲೂ ಅತಿಯಾಗದ ಜಿನ್. ಬಾಂಬೆ ಸಫೈರ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಸಿಟ್ಟು ತರಿಸುತ್ತದೆ. ಅದರ ಸಾಮಗ್ರಿಗಳನ್ನು ಸ್ಪಿರಿಟ್‌ನಲ್ಲಿ ಕುದಿಸುವುದಿಲ್ಲ, ಬುಟ್ಟಿಯಲ್ಲಿಟ್ಟು ಆವಿ ಹಾಯಿಸುತ್ತಾರೆ, ಇಡ್ಲಿ ಬೇಯಿಸಿದ ಹಾಗೆ ಅನ್ನಿ. ಹಾಗಾಗಿ ಪರಿಮಳ ಹಗುರ. ಟಾನಿಕ್‌ಗೆ ಸೊಗಸು. ಶೇ 47ರದ್ದಾದರೆ ಮಾರ್ಟಿನಿಗೂ ನಡೆಯುತ್ತದೆ, ಶೇ 40ರದ್ದು ತೆಳು. ಮತ್ತೆ, ಹೆಸರಲ್ಲಿ ಬಾಂಬೆ ಇದ್ದರೂ ಅದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನದ್ದು. ಹೆಂಡ್ರಿಕ್ಸ್‌ನಲ್ಲಿ ಸೌತೆಕಾಯಿ ಮುಂದೆ ಬಂದು ಜುನಿಪರ್ ಹಿಂದೆ ಸರಿಯುತ್ತದೆ. ಚೆನ್ನಾಗಿಲ್ಲ ಅಂತಲ್ಲ, ಕ್ಲಾಸಿಕ್ ಅಲ್ಲ.

ನಮ್ಮ ದೇಶದವು. 2017ರಲ್ಲಿ ಗೋವಾದಲ್ಲಿ ಗ್ರೇಟರ್ ದ್ಯಾನ್ ಬಂದಾಗಿನಿಂದ ಚಿತ್ರ ಬದಲಾಯಿತು. ಅದು ಲಂಡನ್ ಡ್ರೈ, ಶೇ 42.8, ಹೊರಗಿನಿಂದ ತರಿಸಿದ ಜುನಿಪರ್ ಜೊತೆ ಸೋಂಪು, ಶುಂಠಿ, ಮಜ್ಜಿಗೆ ಹುಲ್ಲು. ಆಮದು ಬಾಟಲಿಯ ಬೆಲೆಗೆ ಹೋಲಿಸಿದರೆ ಮಾರ್ಟಿನಿ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ, ತಪ್ಪಿದರೂ ಹೊಟ್ಟೆ ಉರಿಯುವುದಿಲ್ಲ. ಅದೇ ಕಂಪನಿಯ ಹಪುಸಾ ಹಿಮಾಲಯದ ಜುನಿಪರ್‌ನಿಂದ ಮಾಡಿದ್ದು, ಅರಿಶಿನ, ಮಾವು, ಏಲಕ್ಕಿ ಇವೆ. ಗಂಭೀರ ಜಿನ್, ಕಾಡಿನ ಮಣ್ಣಿನ ವಾಸನೆ, ಆದರೆ ವರ್ಮುತ್ ಜಾಸ್ತಿ ಹಾಕಿದರೆ ಎರಡೂ ಒಂದೇ ಸಲ ಮಾತಾಡಲು ಶುರುಮಾಡುತ್ತವೆ. ಇದಕ್ಕೆ ಎಂಟಕ್ಕೆ ಒಂದು ಸಾಕು. ಸ್ಟ್ರೇಂಜರ್ ಅಂಡ್ ಸನ್ಸ್‌ನಲ್ಲಿ ಕರಿಮೆಣಸು, ಜಾಯಿಕಾಯಿ, ಜಾಪತ್ರೆ, ಗಂಧರಾಜ ನಿಂಬೆ. ಆಲಿವ್ ಜೊತೆ ಮೆಣಸಿನ ಖಾರ ಚೆನ್ನಾಗಿ ಹೊಂದುತ್ತದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಜೈಸಲ್ಮೇರ್‌ನಲ್ಲಿ ಲಾವಂಚ ಮತ್ತು ಡಾರ್ಜಿಲಿಂಗ್ ಗ್ರೀನ್ ಟೀ ಇದೆ, ನನಗೆ ಅದು ಟಾನಿಕ್ ಕಡೆಗೇ ವಾಲಿದಂತೆ ಕಾಣುತ್ತದೆ.

ಈಗ ನಿಮ್ಮ ಬಜೆಟ್ ನೋಡಿ ಮೂರು ಆರಿಸಿ. ಒಂದು ಜುನಿಪರ್ ಜೋರಿನದ್ದು, ಒಂದು ಮೃದುವಾದದ್ದು, ಒಂದು ನಮ್ಮ ದೇಶದ್ದು. ಮೂರೂ ಫುಲ್ ಬಾಟಲಿ ಬೇಡ, ಮಿನಿಯೇಚರ್ ಅಥವಾ ಕ್ವಾಟರ್ ಸಿಕ್ಕರೆ ಅದು, ಇಲ್ಲದಿದ್ದರೆ ಮೂವರು ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ತನ್ನಿ.

ಹೆಜ್ಜೆ 6: ತಣ್ಣೀರಿನ ಪರೀಕ್ಷೆ

ಇಷ್ಟೆಲ್ಲ ಓದಿದ್ದನ್ನು ಈಗ ನಾಲಿಗೆಗೆ ಬಿಡಿ. ಅವತ್ತು ಕಾಫಿ ಕುಡಿದು ಒಂದು ಗಂಟೆಯಾದರೂ ಆಗಿರಲಿ, ಉಪ್ಪಿನಕಾಯಿ ಊಟ ಆಮೇಲೆ ಮಾಡಿ. ಮೂರು ಒಂದೇ ಥರದ ಗ್ಲಾಸ್ ತೆಗೆದುಕೊಂಡು ಅಡಿಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ, ಮನೆಯವರಿಗೆ ಸುರಿಯಲು ಹೇಳಿ, ಯಾವುದರಲ್ಲಿ ಯಾವುದು ಅಂತ ನಿಮಗೆ ಗೊತ್ತಿರಬಾರದು. ನನ್ನ ಗೆಳೆಯರೊಬ್ಬರು ದುಬಾರಿ ಜಿನ್ ಬಿಟ್ಟು ಬೇರೆ ಮುಟ್ಟುವುದಿಲ್ಲ ಅನ್ನುತ್ತಿದ್ದವರು, ಹೀಗೆ ಕುಡಿಸಿದಾಗ ಮೂರರಲ್ಲಿ ಅಗ್ಗದ್ದನ್ನೇ ಮೊದಲು ಅಂತ ಆರಿಸಿದರು. ಈಗಲೂ ಒಪ್ಪುವುದಿಲ್ಲ.

ಮೊದಲ ಸುತ್ತು: ಪ್ರತಿ ಗ್ಲಾಸಿಗೆ 20 ಎಂಎಲ್ ಜಿನ್, 10 ಎಂಎಲ್ ತಣ್ಣೀರು, ಐಸ್ ಬೇಡ. ಶೇ 42.8ರ ಜಿನ್ ಈಗ ಸುಮಾರು ಶೇ 28.5 ಆಯಿತು, ಮಾರ್ಟಿನಿಯ ಖಡಕ್‌ಗೆ ಹತ್ತಿರ. ತುಂಬಾ ತಣ್ಣಗಿದ್ದರೆ ದೋಷ ಅಡಗುತ್ತದೆ, ಹಾಗಾಗಿ ಈ ಸುತ್ತು ಸ್ವಲ್ಪ ಬೆಚ್ಚಗೇ ಇರಲಿ. ಮೂಸಿ. ಜುನಿಪರ್ ಮೊದಲು ಬಂತಾ, ಅಥವಾ ಸೋಪು, ಸೆಂಟು, ಆಸ್ಪತ್ರೆ ಸ್ಪಿರಿಟ್ ಬಂತಾ? ಸಣ್ಣ ಗುಟುಕು ಬಾಯಲ್ಲಿ ಹಿಡಿದು ನುಂಗಿ ಹತ್ತು ಎಣಿಸಿ. ಹತ್ತಕ್ಕೆ ಏನೂ ಉಳಿದಿಲ್ಲ ಅಂದರೆ ಆ ಜಿನ್ ತೆಳು. ಗಂಟಲು ಮಾತ್ರ ಉರಿಯುತ್ತಿದ್ದರೆ ಸ್ಪಿರಿಟ್ ಒರಟು. ತುಟಿಗೆ ಅಂಟಿದಂತಾದರೆ ಸಿಹಿ ಸೇರಿಸಿದ್ದಾರೆ. ನೀರು ಬಿದ್ದಾಗ ಸ್ವಲ್ಪ ಮಬ್ಬಾದರೆ ಹೆದರಬೇಡಿ, ಎಣ್ಣೆ ಜಾಸ್ತಿ ಇದೆ ಅಂತ ಅರ್ಥ, ಕಲಬೆರಕೆ ಅಲ್ಲ.

ಎರಡನೇ ಸುತ್ತಿಗೆ ಪ್ರತಿ ಗ್ಲಾಸಿಗೂ ಒಂದು ಟೀ ಚಮಚ ಡ್ರೈ ವರ್ಮುತ್ ಸೇರಿಸಿ. ಇಲ್ಲೇ ತಮಾಷೆ ನಡೆಯುವುದು. ಮೊದಲ ಸುತ್ತಿನಲ್ಲಿ ಗೆದ್ದ ಜಿನ್ ಕೆಲವೊಮ್ಮೆ ಇಲ್ಲಿ ಸೋಲುತ್ತದೆ. ಹೂವಿನ ವಾಸನೆಯದ್ದು ವರ್ಮುತ್ ಜೊತೆ ಸೇರಿ ಅಗರಬತ್ತಿಯಾಗುತ್ತದೆ, ಒರಟು ಅನ್ನಿಸಿದ್ದ ಜುನಿಪರ್ ಇದ್ದಕ್ಕಿದ್ದಂತೆ ಹದಕ್ಕೆ ಬರುತ್ತದೆ. ಎರಡನೇ ಸುತ್ತಿನ ಫಲಿತಾಂಶವೇ ನಿಮ್ಮ ಉತ್ತರ. ಹೊಟ್ಟೆಗೆ ಹೋಗಿದ್ದು ಹೆಚ್ಚೆಂದರೆ ಒಂದು ಪೆಗ್ ಆಗಿರಬೇಕು, ಮಿಕ್ಕಿದ್ದನ್ನು ಕುಡಿದು ಮುಗಿಸಲೇಬೇಕು ಅಂತಿಲ್ಲ.

ಹೆಜ್ಜೆ 7: ವರ್ಮುತ್ ಸತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಒಳ್ಳೆಯ ಜಿನ್ ತಂದು ಮಾರ್ಟಿನಿ ಕೆಟ್ಟರೆ ಹತ್ತರಲ್ಲಿ ಎಂಟು ಸಲ ತಪ್ಪು ವರ್ಮುತ್‌ನದ್ದು. ವರ್ಮುತ್ ಅಂದರೆ ಗಿಡಮೂಲಿಕೆ ಹಾಕಿ ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನ್. ತೆರೆದ ಮೇಲೆ ವೈನ್ ಥರವೇ ಕೆಡುತ್ತದೆ, ನಿಧಾನವಾಗಿ. ಒಮ್ಮೆ ಒಂದು ದೊಡ್ಡ ಹೋಟೆಲಿನ ಬಾರ್‌ನಲ್ಲಿ ಮಾರ್ಟಿನಿ ಕೇಳಿದೆ. ಬಾರ್‌ನವರು ದೀಪದ ಕೆಳಗೆ ಶೆಲ್ಫ್‌ನಲ್ಲಿ ಧೂಳು ಹಿಡಿದಿದ್ದ ವರ್ಮುತ್ ತೆಗೆದರು, ಬಾಟಲಿ ಅರ್ಧ ಖಾಲಿ. ಒಣದ್ರಾಕ್ಷಿ ನೆನೆಸಿದ ನೀರಿನ ವಾಸನೆ ಬಂತು. ಜಿನ್ ಒಳ್ಳೆಯದೇ ಇತ್ತು, ಪಾಪ.

ಮಾರ್ಟಿನಿ ಎಕ್ಸ್‌ಟ್ರಾ ಡ್ರೈ ನಮ್ಮ ಊರುಗಳಲ್ಲೂ ಸಿಗುತ್ತದೆ (ಬಾಟಲಿಯ ಮೇಲೆ ಮಾರ್ಟಿನಿ ಅಂತ ಇದ್ದರೂ ಅದು ವರ್ಮುತ್, ಕಾಕ್‌ಟೇಲ್ ಅಲ್ಲ, ಇದನ್ನು ನೇರ ಕುಡಿದು ಬೈದವರನ್ನು ನೋಡಿದ್ದೇನೆ). ಫ್ರಾನ್ಸಿನ ಡೋಲಿನ್ ಡ್ರೈ ಇನ್ನೂ ಹಗುರ, ಪ್ಲಿಮತ್‌ನಂಥ ಮೃದು ಜಿನ್‌ಗೆ ಜೋಡಿ. ನ್ವಾಲಿ ಪ್ರಾ ಸ್ವಲ್ಪ ಗಟ್ಟಿ, ಟ್ಯಾಂಕರೆ ಪಕ್ಕದಲ್ಲಿ ನಿಲ್ಲುತ್ತದೆ. ಯಾವುದೇ ಇರಲಿ, ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆದು ಫ್ರಿಜ್ಜಿನಲ್ಲಿಡಿ. ಒಂದೂವರೆ ತಿಂಗಳಲ್ಲಿ ಮುಗಿಸಿ.

ಹೆಜ್ಜೆ 8: ಕೊನೆಗೂ ಮಾರ್ಟಿನಿ

ಗ್ಲಾಸನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಬೇರೆ ದೊಡ್ಡ ಗ್ಲಾಸಿಗೆ 60 ಎಂಎಲ್ ಜಿನ್, 12 ಎಂಎಲ್ ವರ್ಮುತ್, ಬಾಯಿಯವರೆಗೆ ಐಸ್. ಐಸ್ ದೊಡ್ಡದಿರಲಿ, ಆಗಷ್ಟೇ ಫ್ರೀಜರ್‌ನಿಂದ ತೆಗೆದದ್ದಿರಲಿ. ಮೀನು ಇಟ್ಟ ಫ್ರೀಜರ್‌ನ ಐಸ್ ಆದರೆ ಮೇಲಿನ ಏಳು ಹೆಜ್ಜೆಯೂ ವ್ಯರ್ಥ. ಉದ್ದ ಚಮಚದಿಂದ ಸದ್ದಿಲ್ಲದೆ 30 ಸೆಕೆಂಡ್ ತಿರುಗಿಸಿ, ಸೋಸಿ ಸುರಿಯಿರಿ. ಶೇಕ್ ಮಾಡಿದರೆ ಗಾಳಿ ಮತ್ತು ಐಸ್ ಚೂರು ಸೇರಿ ಮಬ್ಬಾಗುತ್ತದೆ, ನೀರೂ ಜಾಸ್ತಿ ಸೇರುತ್ತದೆ. ಶೇಕ್ ಮಾಡಿದ್ದೇ ಬೇಕು ಅನ್ನುವ ಜೇಮ್ಸ್ ಬಾಂಡ್‌ನ ಮಾತು ಸಿನಿಮಾಕ್ಕೆ.

ಲಂಡನ್ನಿನ ಡ್ಯೂಕ್ಸ್ ಹೋಟೆಲಿನ ಬಾರ್ ಇನ್ನೊಂದು ದಾರಿ ಹಿಡಿದಿದೆ. ಜಿನ್ನನ್ನೇ ಫ್ರೀಜರ್‌ನಲ್ಲಿಡುತ್ತಾರೆ, ವರ್ಮುತ್‌ನಿಂದ ಗ್ಲಾಸ್ ತೊಳೆದಂತೆ ಮಾಡಿ ನೇರ ಸುರಿಯುತ್ತಾರೆ, ಐಸ್ ಇಲ್ಲ, ನೀರೇ ಇಲ್ಲ. ಒಬ್ಬರಿಗೆ ಎರಡೇ ಅಂತ ಮಿತಿ ಇಟ್ಟಿದ್ದಾರೆ, ಯಾಕೆ ಅಂತ ಹೇಳಬೇಕಿಲ್ಲ. ಮನೆಯಲ್ಲಿ ಹೀಗೆ ಮಾಡುವುದಾದರೆ ಜಿನ್ ತುಂಬಾ ಮೃದುವಾಗಿರಬೇಕು. ಶೇ 42.8ರ ಜಿನ್ ಮನೆಯ ಫ್ರೀಜರ್‌ನಲ್ಲಿ ಗಟ್ಟಿಯಾಗುವುದಿಲ್ಲ, ದಪ್ಪ ಎಣ್ಣೆಯ ಹಾಗಾಗುತ್ತದೆ. ಆದರೆ ವರ್ಮುತ್, ನೀರು ಎಲ್ಲ ಮೊದಲೇ ಬೆರೆಸಿ ಬಾಟಲಿಯಲ್ಲಿ ಇಡುವವರು ಎಚ್ಚರ, ಅದು ಶೇ 30ಕ್ಕೆ ಇಳಿದಿರುತ್ತದೆ, ಚುರುಕು ಫ್ರೀಜರ್‌ನಲ್ಲಿ ಐಸ್ ಹರಳು ಕಟ್ಟುತ್ತದೆ. ಫ್ರಿಜ್ಜಿನಲ್ಲೇ ಇಟ್ಟು, ಸುರಿಯುವ ಒಂದು ಗಂಟೆ ಮೊದಲು ಫ್ರೀಜರ್‌ಗೆ ಹಾಕಿ.

ಟ್ವಿಸ್ಟ್‌ಗೆ ಬೇಕಾದದ್ದು ಹಳದಿ ಲೆಮನ್. ನಮ್ಮ ದಿನಬಳಕೆಯ ನಿಂಬೆಹಣ್ಣಿನ ಸಿಪ್ಪೆ ತೆಳು, ಕಹಿ, ವಾಸನೆಯೂ ಬೇರೆ, ಅದನ್ನು ಹಿಂಡಿದರೆ ಮಾರ್ಟಿನಿ ಪಾನಕದ ಕಡೆ ಓಡುತ್ತದೆ. ಲೆಮನ್ ಸಿಗದಿದ್ದರೆ ಗಜನಿಂಬೆಯ ಸಿಪ್ಪೆ ಚೆನ್ನಾಗಿ ನಡೆಯುತ್ತದೆ, ದಪ್ಪ, ಎಣ್ಣೆ ತುಂಬಿರುತ್ತದೆ. ಬಿಳಿ ಭಾಗ ಬಿಟ್ಟು ಹೆಬ್ಬೆರಳಗಲ ಸಿಪ್ಪೆ ಕೊಯ್ದು, ಗ್ಲಾಸಿನ ಮೇಲೆ ಹಿಡಿದು ಮಡಚಿ ಹಿಸುಕಿ. ಆಲಿವ್ ಹಾಕುವವರು ಜಾಡಿಯ ಉಪ್ಪುನೀರನ್ನು ತೊಳೆದು ಹಾಕಿ, ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ಆರಿಸಿದ ಜಿನ್ ಬದಲು ಉಪ್ಪೇ ಸಿಗುತ್ತದೆ.

750 ಎಂಎಲ್ ಬಾಟಲಿಯಲ್ಲಿ ಹನ್ನೆರಡು ಮಾರ್ಟಿನಿ ಆಗುತ್ತದೆ. ಅಷ್ಟರಲ್ಲಿ ವರ್ಮುತ್‌ನ ಪ್ರಮಾಣ ಒಂದೆರಡು ಎಂಎಲ್ ಹಿಂದೆ ಮುಂದೆ ಮಾಡಿ ನಿಮ್ಮ ಹದ ಸಿಕ್ಕಿರುತ್ತದೆ. ಪರೀಕ್ಷೆಯಲ್ಲಿ ಸೋತ ಎರಡು ಬಾಟಲಿಗಳನ್ನು ಎಸೆಯಬೇಡಿ, ಅವು ಟಾನಿಕ್‌ಗೆ. ನಮ್ಮ ಮನೆಯ ಆ ಪನ್ನೀರು ಬಾಟಲಿಯೂ ಹಾಗೇ ಖಾಲಿಯಾಯಿತು, ಬಂದ ನೆಂಟರೆಲ್ಲ ಎಷ್ಟು ಒಳ್ಳೆಯ ಜಿನ್ ಅಂತ ಹೊಗಳಿ ಹೋದರು.